ಪೋಲೊ ಜಿಟಿಗೆ ಯಾವ ಸಸ್ಪೆನ್ಷನ್ ಹಾಕಿಸಲಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಕಾರು ಇರುವವರು ಕೇಳುವುದು ಹೆಚ್ಚುಕಡಿಮೆ ಇದನ್ನೇ: "ಗಾಡಿ ಓಡಿಸೋಕೆ ಮಜಾ, ಆದ್ರೆ ಗುಂಡಿ ರಸ್ತೆಯಲ್ಲಿ ದಡ್ ದಡ್ ಅನ್ನುತ್ತೆ. ಲೋವರಿಂಗ್ ಸ್ಪ್ರಿಂಗ್ ಹಾಕಿಸಲಾ, ಕಾಯಿಲ್‌ಓವರಾ, ಬರೀ ಶಾಕ್ ಸಾಕಾ?" ಲೋವರಿಂಗ್ ಸ್ಪ್ರಿಂಗ್ ಎಂದರೆ ಗಾಡಿಯ ಎತ್ತರ ಇಳಿಸುವ ಸ್ಪ್ರಿಂಗ್; ಕಾಯಿಲ್‌ಓವರ್ ಎಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ; ಶಾಕ್ ಎಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್. ನನ್ನ ಉತ್ತರ: ಬರೀ ಶಾಕ್ ಸಾಕು. ಸ್ಪ್ರಿಂಗ್ ಕಂಪನಿಯದ್ದೇ ಇರಲಿ, ಎತ್ತರ ಇಳಿಸಬೇಡಿ. ಶಾಕ್‌ಗೆ ದುಡ್ಡು ಕೊಡುವ ಮೊದಲು ಸವೆದ ಬುಷ್‌ಗಳನ್ನು (ಕೀಲುಗಳ ನಡುವಿನ ರಬ್ಬರ್ ಮೆತ್ತೆ) ಬದಲಿಸಿ.

ಜಿಟಿ ಟಿಎಸ್‌ಐ ಬಂದದ್ದು 2013ರಲ್ಲಿ, ಭಾರತದಲ್ಲಿ ಪೋಲೊ ತಯಾರಿಕೆ ನಿಂತದ್ದು 2022ರಲ್ಲಿ. ಅಂದರೆ ಈಗ ಓಡುತ್ತಿರುವ ಎಷ್ಟೋ ಗಾಡಿಗಳ ಬುಷ್‌ಗಳಿಗೆ ವಯಸ್ಸಾಗಿದೆ, ಬೈಗುಳ ಮಾತ್ರ ಶಾಕ್‌ಗೆ. ನಿಧಾನಕ್ಕೆ ಹೋಗುವಾಗ ಸಣ್ಣ ಉಬ್ಬುತಗ್ಗಿಗೂ ಟಕಟಕ ಎಂದರೆ ಮೊದಲು ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲದಂತೆ ಹಿಡಿಯುವ ಸರಳಿನ ಕೊಂಡಿ) ನೋಡಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಸ್ಪ್ರಿಂಗ್ ಟಣ್ ಎಂದು ಜಿಗಿದರೆ ಸ್ಟ್ರಟ್ (ಮುಂದಿನ ಶಾಕ್-ಸ್ಪ್ರಿಂಗ್ ಜೋಡಿ) ಮೇಲ್ತುದಿಯ ಮೌಂಟ್ ಬೇರಿಂಗ್ ನೋಡಿ. ಬ್ರೇಕ್ ಒತ್ತಿದಾಗ ದಡಕ್ ಎಂದು ಗಾಡಿ ಪಕ್ಕಕ್ಕೆ ಎಳೆದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್‌ನ ಹಿಂದಿನ ಬುಷ್ ಹರಿದಿರುವ ಸಾಧ್ಯತೆ ಹೆಚ್ಚು. ಶಾಕ್ ನಿಜಕ್ಕೂ ಸತ್ತಿದ್ದರೆ ಅದರ ಮೈಮೇಲೆ ಎಣ್ಣೆ ಇಳಿದಿರುತ್ತದೆ, ಇಲ್ಲವೇ ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇರುತ್ತದೆ.

ಎತ್ತರದ ಲೆಕ್ಕ ಹೀಗಿದೆ. ಪೋಲೊದ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ., ವೀಲ್‌ಬೇಸ್ ಸುಮಾರು 2.47 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ನಿಯಮದ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಅದರ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲುವುದರಿಂದ ಹೊಟ್ಟೆಯ ಕೆಳಗೆ ಉಬ್ಬುವುದು ಬರೀ 45 ಮಿ.ಮೀ.ನಷ್ಟು. ಹೀಗಾಗಿ ಇಳಿಸಿದ ಗಾಡಿಯೂ ಆರಾಮವಾಗಿ ದಾಟುತ್ತದೆ. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗೆ ಆ ಅಗಲ ಎಲ್ಲಿಂದ ಬರಬೇಕು? ಅದು ಮುಂದಿನ, ಹಿಂದಿನ ಚಕ್ರಗಳ ನಡುವೆಯೇ ಮುಗಿಯುತ್ತದೆ, ಅಷ್ಟೂ ಎತ್ತರ ಹೊಟ್ಟೆಗೇ. 30 ಮಿ.ಮೀ. ಇಳಿಸಿದರೆ ಉಳಿಯುವುದು 135. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದರೆ ಅದೂ ಇಲ್ಲ. ಸ್ಪ್ರಿಂಗ್ ಕುಗ್ಗಲು ಇದ್ದ ಜಾಗದಲ್ಲೂ ಅದೇ 30 ಮಿ.ಮೀ. ಹೋಗುತ್ತದೆ. ಆಮೇಲೆ ಪ್ರತಿ ಗುಂಡಿಯಲ್ಲೂ ಹೊಡೆತ ತಿನ್ನುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡು. ಇಲ್ಲಿನ ಪೋಲೊ ಯುರೋಪಿನದ್ದಕ್ಕಿಂತ ಎತ್ತರಕ್ಕೆ ನಿಲ್ಲುವುದರಿಂದ, ಅಲ್ಲಿಯ ಕ್ಯಾಟಲಾಗ್ 30 ಎಂದರೆ ಇಲ್ಲಿ ಇನ್ನೂ ಜಾಸ್ತಿ ಇಳಿಯಬಹುದು.

ಈಗ ಶಾಕ್. ಕಂಪನಿ ಸ್ಪ್ರಿಂಗ್ ಜೊತೆ ಬಿಲ್‌ಸ್ಟೀನ್ ಬ್ರ್ಯಾಂಡ್‌ನ ಶಾಕ್ ಬೇಕೆಂದರೆ ಕೇಳಬೇಕಾದದ್ದು ಬಿ6. ಬಿ8 ಅಲ್ಲ. ಬಿ8 ಮಾಡಿರುವುದೇ ಇಳಿಸಿದ ಸ್ಪ್ರಿಂಗ್‌ಗೆ, ಅದು ಗಿಡ್ಡ. ಮೂಲ ಸ್ಪ್ರಿಂಗ್‌ಗೆ ಹಾಕಿದರೆ ಚಕ್ರ ಗುಂಡಿಗೆ ಪೂರ್ತಿ ಇಳಿಯುವ ಮೊದಲೇ ರಾಡ್ ಕೊನೆ ಮುಟ್ಟಿ ಟಪ್ ಎನ್ನುತ್ತದೆ. ಬಿ6 ಮಾನೋಟ್ಯೂಬ್, ಅಂದರೆ ಒಂದೇ ಕೊಳವೆಯದ್ದು: ಎಣ್ಣೆಯನ್ನೂ ಒತ್ತಡದ ನೈಟ್ರೋಜನ್ನನ್ನೂ ಒಂದು ತೇಲುವ ಪಿಸ್ಟನ್ ಬೇರೆ ಇಡುವುದರಿಂದ, ಕಿತ್ತುಹೋದ ರಸ್ತೆಯಲ್ಲಿ ಬಿಡದೆ ಓಡಿಸಿದರೂ ಎಣ್ಣೆ ನೊರೆಯಾಗುವುದಿಲ್ಲ. ಚಾರ್ಮಾಡಿಯಂಥ ಘಾಟಿಯಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಊರೊಳಗೆ 30ರ ವೇಗದಲ್ಲಿ ಮಾತ್ರ ಗಡುಸು. ಹಿಂದೆ ಅಪ್ಪ ಅಮ್ಮ ಕೂರುವವರಿದ್ದರೆ ಗೊಣಗುತ್ತಾರೆ.

ಅಂಥ ಮನೆಗೆ ನನ್ನ ಆಯ್ಕೆ ಕೋನಿ ಬ್ರ್ಯಾಂಡ್‌ನ ಎಫ್‌ಎಸ್‌ಡಿ ಶಾಕ್, ಈಗಿನ ಹೆಸರು ಸ್ಪೆಷಲ್ ಆ್ಯಕ್ಟಿವ್. ಚಕ್ರ ಪಟಪಟನೆ ಅದುರಿದರೆ ಎಣ್ಣೆಗೆ ಒಂದು ಒಳದಾರಿ ತೆರೆದೇ ಇರುತ್ತದೆ, ಹಾಗಾಗಿ ಮೆದು. ತಿರುವಿನಲ್ಲಿ ಬಾಡಿ ನಿಧಾನಕ್ಕೆ ವಾಲಿದಾಗ ಒತ್ತಡ ಏರಿ ಆ ದಾರಿ ಮುಚ್ಚುತ್ತದೆ, ಆಗ ಗಟ್ಟಿ. ಕೈಯಲ್ಲಿ ತಿರುಗಿಸಿ ಹೊಂದಿಸುವ ಶಾಕ್ ಕೊಂಡವರು ಸಾಮಾನ್ಯವಾಗಿ ರಿಬೌಂಡ್ (ಕುಗ್ಗಿದ ಶಾಕ್ ಮತ್ತೆ ಚಾಚುವಾಗಿನ ತಡೆ) ವಿಪರೀತ ಬಿಗಿ ಮಾಡಿಡುತ್ತಾರೆ. ಆಗ ಒಂದು ಗುಂಡಿಯಿಂದ ಚಕ್ರ ವಾಪಸ್ ಇಳಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಗಾಡಿ ತಾನಾಗಿ ಕುಸಿಯುತ್ತಾ ಹೋಗಿ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಕೆಟ್ಟ ರಸ್ತೆಗೆ ರಿಬೌಂಡ್ ಸಡಿಲವಿರಲಿ. ಕಾಯಿಲ್‌ಓವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕೆಸರು ಮತ್ತು ಕರಾವಳಿಯ ಉಪ್ಪುಗಾಳಿಗೆ ಅದರ ಎತ್ತರ ಹೊಂದಿಸುವ ತಿರುಪಿನ ಸುತ್ತು ಜಾಮ್ ಆಗುತ್ತದೆ, ಹೊಂದಿಸಲೆಂದು ಕೊಟ್ಟ ದುಡ್ಡು ವ್ಯರ್ಥ.

ಅಂಗಡಿಯವರು ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಬೇಡವೇ ಬೇಡ. ಅದು ಒಂದು ಸುತ್ತನ್ನು ಕೆಲಸ ಮಾಡದಂತೆ ಹಿಡಿಯುತ್ತದೆ, ಉಳಿದವುಗಳ ಮೇಲೆ ಒತ್ತಡ ಏರುತ್ತದೆ, ಗಡುಸಾದ ಸ್ಪ್ರಿಂಗನ್ನು ಹಳೇ ಶಾಕ್ ಹಿಡಿದಿಡಲಾರದು. ಎತ್ತರ ಬೇಕಿದ್ದರೆ ಟೈರ್ ನೋಡಿ. 185/60 ಆರ್15ರ ಬದಿಗೋಡೆ 111 ಮಿ.ಮೀ.; 195/60 ಆರ್15 ಹಾಕಿದರೆ 117. ಗಾಡಿ 6 ಮಿ.ಮೀ. ಏರುತ್ತದೆ, ಸ್ಪೀಡೋಮೀಟರ್ ವ್ಯತ್ಯಾಸ ಶೇ. 2 ಅಷ್ಟೇ. 205/45 ಆರ್17ರಲ್ಲಿ ಬದಿಗೋಡೆ 92ಕ್ಕೆ ಇಳಿಯುತ್ತದೆ. ಆಮೇಲೆ ಎಂಥ ಶಾಕ್ ಹಾಕಿದರೂ ರಿಮ್ ಬೆಂಡ್ ತಪ್ಪದು.

ಜೋಡಣೆಯಲ್ಲೇ ಅರ್ಧ ಕೆಲಸ ಕೆಡುವುದು, ಪಕ್ಕದಲ್ಲೇ ನಿಂತು ಮಾಡಿಸಿ. ಶಾಕ್ ಯಾವಾಗಲೂ ಜೋಡಿಯಾಗಿ. ಜೊತೆಗೆ ಹೊಸ ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್. ಹರಿದ ಕವರ್ ಒಳಗೆ ಹೋದ ಮರಳೇ ಸೀಲ್ ಕೊಯ್ಯುತ್ತದೆ. ಪೋಲೊದಲ್ಲಿ ಸ್ಟ್ರಟ್ ಕೂರುವುದು ಚಕ್ರ ಹಿಡಿಯುವ ಲೋಹದ ಭಾಗವಾದ ನಕಲ್‌ನ ಸೀಳಿನಲ್ಲಿ. ಆ ಸೀಳನ್ನು ಅಗಲಿಸುವ ಟೂಲ್ ಬೇಕು, ಸುತ್ತಿಗೆ ಏಟಲ್ಲ. ಮೇಲಿನ ನಟ್ಟಿಗೆ ಏರ್ ಗನ್ ಹಿಡಿಯಕೂಡದು: ರಾಡ್ ಗಿರ್ರನೆ ತಿರುಗಿದರೆ ಹೊಸ ಸೀಲ್ ಅಲ್ಲೇ ಹಾಳು. ರಾಡನ್ನು ಅಲೆನ್ ಕೀಯಲ್ಲಿ ಹಿಡಿದು ಸ್ಪ್ಯಾನರ್‌ನಲ್ಲೇ ಬಿಗಿಯಬೇಕು. ಲೋವರ್ ಆರ್ಮ್ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತಾಗಿನ ಎತ್ತರದಲ್ಲೇ ಕೊನೆಯ ಬಾರಿ ಬಿಗಿ ಮಾಡಿಸಿ. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದಾಗ ಬುಷ್ ತಿರುಚಿಕೊಂಡೇ ಉಳಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಸ್ಪ್ರಿಂಗ್ ಮುರಿದಿದ್ದರೆ ಹಳೆಯದರ ಮೇಲಿನ ಬಣ್ಣದ ಗುರುತು ನೋಡಿ ಅದನ್ನೇ ತರಿಸಿ. ಡೀಸೆಲ್ ಟಿಡಿಐನ ಮೂತಿ ಭಾರ, ಅದರ ಮುಂದಿನ ಸ್ಪ್ರಿಂಗ್ ಪೆಟ್ರೋಲ್ ಟಿಎಸ್‌ಐಗೆ ಹೊಂದದು. ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಅಂಕಿ ಇರುವ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ.