ನೇಟಲ್ ಪ್ಲಮ್: ಕೊನೆಗೂ ಕಾಯಿ ಕಚ್ಚಿತು!

ಹೆಸರುಕಾಳಿನಷ್ಟು ಗಾತ್ರ, ಹಸಿರು ಬಣ್ಣ, ತೊಟ್ಟು ಗಟ್ಟಿ. ಮುಟ್ಟಿ ನೋಡಿದೆ, ಉದುರಲಿಲ್ಲ. ಗಿಡದ ತುಂಬ ಹೂ ಬಿಟ್ಟು, ತಾರಸಿಯನ್ನೆಲ್ಲ ಘಮಘಮ ಅನ್ನಿಸಿ, ಆಮೇಲೆ ಒಂದನ್ನೂ ಉಳಿಸದೆ ಉದುರಿಸುತ್ತಿದ್ದ ಮಹಾತಾಯಿ ಇವಳೇ.

ಕುಂಡ, ಮಣ್ಣು, ಗೊಬ್ಬರದ ಮಾತು ಬಿಡಿ, ನಿಮಗೆ ಗೊತ್ತಿರುವುದೇ. ತೊಂದರೆ ಇದ್ದದ್ದು ಹೂವಿನಲ್ಲಿ. ಈ ನೇಟಲ್ ಪ್ಲಮ್ ನಮ್ಮ ಮಲೆನಾಡಿನ ಕವಳಿ ಎಂಬ ಮುಳ್ಳುಗಿಡದ ದಾಯಾದಿ, ಹುಟ್ಟೂರು ಮಾತ್ರ ದಕ್ಷಿಣ ಆಫ್ರಿಕಾದ ಕರಾವಳಿ. ಅಲ್ಲಿ ರಾತ್ರಿ ಹಾರುವ ಪತಂಗಗಳು ಬಂದು ಪರಾಗಸ್ಪರ್ಶ ಮಾಡುತ್ತವೆ. ಬೆಂಗಳೂರಿನ ನನ್ನ ತಾರಸಿಗೆ ಬರುವುದು ಸೊಳ್ಳೆ.

ಸರಿ, ನಾನೇ ಪತಂಗ ಆಗೋಣ ಎಂದು ಬಣ್ಣದ ಕುಂಚ ಹಿಡಿದೆ. ಹೂವಿನ ಕೊಳವೆ ಎಷ್ಟು ಕಿರಿದು ಅಂದರೆ ಕುಂಚ ಒಳಗೇ ಹೋಗಲಿಲ್ಲ. ಮುಳ್ಳು ಬೇರೆ ಕವಲು ಮುಳ್ಳು. ಕೈ ಹಾಕುವಾಗ ಒಂದು ಕವಲು ಚುಚ್ಚಿದರೆ, ತೆಗೆಯುವಾಗ ಇನ್ನೊಂದು. ಸಿಟ್ಟು ಬಂದು ಒಂದು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ಕೇಸರಗಳು (ಪರಾಗ ಹೊರುವ ಗಂಡು ಎಳೆಗಳು) ಮೋಟಾಗಿ ಶಲಾಕೆಯ (ನಡುವಿನ ಹೆಣ್ಣು ಕಡ್ಡಿಯ) ಮಟ್ಟಕ್ಕೇ ನಿಂತಿದ್ದವು. ಪರಾಗದ ಪುಡಿ ಒಂದು ಚೂರೂ ಇಲ್ಲ! ಈ ಜಾತಿಯಲ್ಲಿ ಕೆಲವು ಗಿಡಗಳು ಹೀಗೇ, ಕೆಲಸಕ್ಕೆ ಬರೀ ಹೆಣ್ಣು. ಗಂಡಿನ ಕೆಲಸ ಮಾಡುವ ಗಿಡದಲ್ಲಿ ಕೇಸರ ಉದ್ದ, ಪರಾಗಕೋಶ ದಪ್ಪ. ಅಂದರೆ ಪರಾಗ ಕೊಡುವ ಬೇರೆ ಗಿಡ ಬೇಕು.

ನರ್ಸರಿಗೆ ಹೋದರೆ, "ಸಾರ್, ಎಲ್ಲಾ ಒಂದೇ ತಾಯಿಗಿಡದ ಕಡ್ಡಿ, ಯಾವುದಾದ್ರೂ ತಗೊಳ್ಳಿ" ಅಂದರು. ಎಲ್ಲಾ ಒಂದೇ ಅನ್ನೋದೇ ನನ್ನ ಸಮಸ್ಯೆ ಮಾರಾಯ್ರೇ, ತಾಯಿ ಹೆಣ್ಣಾದರೆ ಕಡ್ಡಿಗಳೂ ಹೆಣ್ಣೇ! ಬೀಜದಿಂದ ಬೆಳೆಸಿದ್ದು ಅಂತ ಆನ್‌ಲೈನಿನಲ್ಲಿ ತರಿಸಿದ ಗಿಡ ಬೋಗನ್‌ವಿಲ್ಲಾ ಆಗಿತ್ತು. ಮುಳ್ಳಿದೆಯಲ್ಲ, ಸಾಕು ಅಂದುಕೊಂಡರೋ ಏನೋ.

ಕಡೆಗೆ ಕೈಹಿಡಿದದ್ದು ಪಕ್ಕದ ರಸ್ತೆಯ ಒಂದು ನೇಟಲ್ ಪ್ಲಮ್ ಬೇಲಿಸಾಲು. ಕಾವಲುಗಾರರನ್ನು ಕೇಳಿ ಸಂಜೆ ಆಗ ತಾನೇ ಅರಳಿದ ಹೂ ಕಿತ್ತು ತಂದೆ. ಸೀಳಿದರೆ ಬ್ಲೇಡಿನ ತುದಿಗೆ ಪುಡಿ ಅಂಟಿತು. ಅಬ್ಬಾ! ಇನ್ನು ಅದನ್ನು ಹಚ್ಚುವುದೆಲ್ಲಿ? ನಿತ್ಯಪುಷ್ಪವನ್ನು ಕ್ರಾಸ್ ಮಾಡಿದವರಿಗೆ ಗೊತ್ತು, ಅದರಲ್ಲಿ ಪರಾಗ ಹಿಡಿಯುವ ಜಾಗ ಶಲಾಕೆಯ ನೆತ್ತಿಯಲ್ಲಲ್ಲ, ತಲೆಯ ಕೆಳಗಿನ ಅಂಚಿನಲ್ಲಿ. ಎರಡೂ ಒಂದೇ ಕುಟುಂಬ, ಅದೇ ಲೆಕ್ಕ ಇಲ್ಲೂ ಹಾಕಿದೆ. ಹೂವಿನ ಕೊಳವೆಯ ಪಕ್ಕ ಸೀಳಿ, ಗಾಳದ ನೈಲಾನ್ ದಾರದ ತುದಿಗೆ ಪುಡಿ ಹತ್ತಿಸಿ, ಆ ಅಂಚಿನ ಸುತ್ತ ಸವರಿದೆ. ಹೀಗೆ ಮಾಡಿದ ಹೂಗಳೇ ಈಗ ಕಾಯಿ ಕಚ್ಚಿರುವುದು. ಸುಮ್ನೆ ಬಿಟ್ಟವು ಎಂದಿನಂತೆ ನೆಲಕ್ಕೆ.

ಹಣ್ಣಾದರೆ ಕೆಂಪಗೆ ಮೆತ್ತಗಾಗುವವರೆಗೆ ಕೀಳಲ್ಲ, ಕಾಯಲ್ಲಿ ಅಂಟುಹಾಲು ಜಾಸ್ತಿ. ಜಾಮ್ ಮಾಡುವಷ್ಟು ಸಿಕ್ಕರೆ ಅಲ್ಯೂಮಿನಿಯಂ ಪಾತ್ರೆ ಬೇಡ. ಪಾತ್ರೆಗೆ ಅಂಟಿದ ಹಾಲನ್ನು ಹಲಸಿನ ಮೇಣದ ಹಾಗೆ ಅಡುಗೆ ಎಣ್ಣೆ ಸವರಿ ತೆಗೆಯಬೇಕು.

ಅಷ್ಟರೊಳಗೆ ತಲೆಯಲ್ಲಿ ಇನ್ನೊಂದು ಹುಳ. ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯಿಂದ ಕವಳಿ ಹಣ್ಣು ತರಿಸಿ, ಬೀಜ ಒಣಗುವ ಮೊದಲೇ ಬಿತ್ತಬೇಕು, ಹಳೇ ಬೀಜ ಮೊಳೆಯುವುದು ಕಷ್ಟ. ಗಿಡ ಹೂ ಬಿಟ್ಟ ಮೇಲೆ ಕವಳಿಯ ಪರಾಗವನ್ನೇ ಇವಳಿಗೆ ಹಚ್ಚಿ ನೋಡುವುದು. ನೈಲಾನ್ ದಾರ ಇನ್ನೂ ಒಂದು ಉಂಡೆ ಮಿಕ್ಕಿದೆ.