ಪಿಪಿಟ್ ಕಾರ್ಡ್ ಕೊನೆಗೂ ಕಟ್ಟಿಗೆ ಸೇರಿತು

ಹಕ್ಕಿ ಊಹೆಯಾಟದ ಕಾರ್ಡುಗಳ ಪೈಕಿ ಈ ಚಳಿಗಾಲದುದ್ದಕ್ಕೂ ಸತಾಯಿಸಿದ್ದು ಬ್ಲೈತ್ಸ್ ಪಿಪಿಟ್ ಎಂಬ ಹುಲ್ಲುಗಾವಲಿನ ಪುಟ್ಟ ಹಕ್ಕಿ. ಅದರ ಕಾರ್ಡ್ ಈಗ ಸಿದ್ಧವಾಗಿದೆ. ಮಿಂಚುಳ್ಳಿ, ಕಾಜಾಣ, ಕಳಿಂಗಗಳ ಕಾರ್ಡುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚಿತ್ರ ಆರಿಸಿದ್ದು, ಕತ್ತರಿಸಿದ್ದು, ಹಿಂಬದಿಗೆ ಉತ್ತರ ಅಂಟಿಸಿದ್ದು ಎಲ್ಲ ಎಂದಿನಂತೆಯೇ ನಡೆಯಿತು. ಪಿಪಿಟ್ ಮಾತ್ರ ನನ್ನನ್ನು ಹೆಸರಘಟ್ಟದ ಹುಲ್ಲುಗಾವಲಿಗೂ ಪೇಟೆಯ ಪ್ರಿಂಟ್ ಲ್ಯಾಬಿಗೂ ಅಲೆಸಿತು.

ನಮ್ಮ ಆಟದಲ್ಲಿ ಕಾರ್ಡಿನ ಚಿತ್ರ ನೋಡಿ ಹಕ್ಕಿಯ ಬರೀ ಹೆಸರು ಹೇಳಿದರೆ ಅಂಕವಿಲ್ಲ. ಕಾರಣ ಕೊಡಬೇಕು, ಆ ಕಾರಣ ಚಿತ್ರದೊಳಗೇ ಕಾಣಬೇಕು. ಕಾರ್ಡ್ ತಂದವರಿಗೂ ಷರತ್ತಿದೆ: ಹಕ್ಕಿ ಯಾವುದೆಂದು ಅವರಿಗೆ ಸ್ಥಳದಲ್ಲೇ ಖಚಿತವಾಗಿರಬೇಕು. ಬೆನ್ನು ತಿರುಗಿಸಿ ಕುಳಿತದ್ದನ್ನೋ ಎಲೆಮರೆಯಲ್ಲಿ ಅರ್ಧ ಮುಚ್ಚಿದ್ದನ್ನೋ ಕೊಟ್ಟು ಎದುರಿನವರನ್ನು ಪೇಚಿಗೆ ಸಿಕ್ಕಿಸುವುದು ಯಾರಿಗೂ ಸುಲಭ. ಉತ್ತರವೇ ಇಲ್ಲದ ಚಿತ್ರವನ್ನು ಒಗಟೆಂದು ಮುಂದಿಡುವುದು ಆಡುವವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಗಟ್ಟಿ ನಂಬಿಕೆ.

ಹೆಸರಘಟ್ಟದ ಪಿಪಿಟ್‌ಗಳು ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡುತ್ತವೆ. ಪ್ಯಾಡಿಫೀಲ್ಡ್ ಪಿಪಿಟ್ ವರ್ಷವಿಡೀ ಇಲ್ಲೇ ಇರುತ್ತದೆ. ಚಳಿಗಾಲಕ್ಕೆ ರಿಚರ್ಡ್ಸ್ ಮತ್ತು ಬ್ಲೈತ್ಸ್ ಪಿಪಿಟ್‌ಗಳು ಮಂಗೋಲಿಯಾ, ಸೈಬೀರಿಯಾಗಳ ಕಡೆಯಿಂದ ಬಂದು ಸೇರುತ್ತವೆ. ಮೂರಕ್ಕೂ ಒಣಹುಲ್ಲಿನ ಬಣ್ಣ, ಎದೆಯ ಮೇಲೆ ಗೀರು, ಬಾಲದ ಅಂಚಿಗೆ ಬಿಳಿ. ಪ್ಯಾಡಿಫೀಲ್ಡ್ ಚಿಕ್ಕದು, ಬಾಲವೂ ಮೋಟು. ಆದರೆ ಪಕ್ಕದಲ್ಲಿ ಇನ್ನೊಂದು ಹಕ್ಕಿ ಇಲ್ಲದ ಚಿತ್ರದಲ್ಲಿ ಗಾತ್ರ ಅಳೆಯುವುದು ಹೇಗೆ? ಬಯಲಿನಲ್ಲಾದರೆ ಕೂಗಿದೆ. ರಿಚರ್ಡ್ಸ್ ಹಾರುವಾಗ ‘ಷ್ರೀಪ್’ ಎಂದು ಒರಟಾಗಿ ಕೂಗಿದ ಕೂಡಲೇ ಜಗಳ ಮುಗಿಯುತ್ತದೆ. ಕಾಗದಕ್ಕೆ ಬಾಯಿಲ್ಲ. ಹಿಂಬೆರಳಿನ ಉಗುರು ರಿಚರ್ಡ್ಸ್‌ಗೆ ಉದ್ದ, ಬ್ಲೈತ್ಸ್‌ಗೆ ಗಿಡ್ಡ ಮತ್ತು ಹೆಚ್ಚು ಬಾಗಿದ್ದು. ಇದನ್ನೇ ನಂಬಿ ಚಿತ್ರಗಳನ್ನು ಜಾಲಾಡಿದರೆ ಎಲ್ಲದರಲ್ಲೂ ಹುಲ್ಲು ಕಾಲನ್ನೇ ನುಂಗಿ ಕುಳಿತಿತ್ತು. ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ಒಂದೊಂದನ್ನೂ ಪಕ್ಕಕ್ಕಿಟ್ಟು ಅದೇ ಪ್ರಶ್ನೆ ಕೇಳುತ್ತಿದ್ದರು: “ಇದನ್ನು ರಿಚರ್ಡ್ಸ್ ಎಂದವರ ಬಾಯಿ ಮುಚ್ಚಿಸಲು ಇದರಲ್ಲಿ ಏನಿದೆ, ತೋರಿಸಿ.”

ಉಳಿದದ್ದು ಮೀಡಿಯನ್ ಕವರ್ಟ್ ಗರಿಗಳು, ಅಂದರೆ ರೆಕ್ಕೆಯ ಮೇಲ್ಭಾಗವನ್ನು ಹೊದ್ದಿರುವ ಸಣ್ಣ ಗರಿಗಳ ಒಂದು ಸಾಲು. ಬ್ಲೈತ್ಸ್‌ನಲ್ಲಿ ಗರಿಯ ನಡುವಿನ ಕಪ್ಪು ಭಾಗ ಚೌಕಾಕಾರವಾಗಿ, ಅಂಚು ಕತ್ತರಿಸಿದಂತೆ ಇರುತ್ತದೆ. ರಿಚರ್ಡ್ಸ್‌ನಲ್ಲಿ ಅದು ತುದಿಯತ್ತ ಚೂಪಾಗುತ್ತ ಕಂದು ಬಣ್ಣದೊಳಗೆ ಕರಗುತ್ತದೆ. ಇದರಲ್ಲೂ ಒಂದು ತೊಡಕಿದೆ. ಮೊದಲ ಚಳಿಗಾಲದ ಮರಿಹಕ್ಕಿಗಳಲ್ಲಿ ಹಳೆಯ ಗರಿಗಳು ಉಳಿದಿರುತ್ತವೆ, ಅವುಗಳನ್ನು ನೋಡಿ ಜಾತಿ ಹೇಳುವಂತಿಲ್ಲ. ಗರಿ ಕಳಚಿ ಹೊಸದಾಗಿ ಬಂದದ್ದೇ ಆಗಬೇಕು.

ಸಿಕ್ಕ ಚಿತ್ರದಲ್ಲಿ ಹಕ್ಕಿ ಗರಿ ತೀಡಿಕೊಳ್ಳುತ್ತಿದೆ. ರೆಕ್ಕೆ ತುಸು ಸಡಿಲವಾಗಿದೆ, ಬೆಳಗಿನ ಓರೆಬಿಸಿಲು ಭುಜದ ಮೇಲೆ ನೇರವಾಗಿ ಬಿದ್ದಿದೆ. ಸವೆದು ಮಾಸಿದ ಸಾಲಿನ ನಡುವೆ ಎರಡು ಹೊಸ ಗರಿಗಳು: ಕಪ್ಪು ಚೌಕ, ಸುತ್ತ ಅಗಲವಾದ ತಿಳಿಕಂದು ಅಂಚು. ಮನೆಯ ಪರದೆಯ ಮೇಲೆ ಅದನ್ನು ಹಿಗ್ಗಿಸಿ ನೋಡಿದಾಗ ಕುರ್ಚಿ ಬಿಟ್ಟು ಎದ್ದೇಬಿಟ್ಟೆ.

ಅಲ್ಲಿಂದ ಲ್ಯಾಬಿನ ಕಾಟ ಶುರುವಾಯಿತು. ಹಕ್ಕಿ ದೂರದಲ್ಲಿತ್ತು. ಆರು ಇಂಚಿನ ಕಾರ್ಡಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಎಂದರೆ ಉದ್ದಕ್ಕೆ 1800 ಪಿಕ್ಸೆಲ್ ಬೇಕು. ಕತ್ತರಿಸಿದ ಮೇಲೆ ಅಷ್ಟು ಉಳಿಯುವುದೇ ಕಷ್ಟವಾಗಿತ್ತು. ಉಳಿದಷ್ಟನ್ನು ಜೋಪಾನವಾಗಿ ಕೊಟ್ಟರೆ, ಲ್ಯಾಬಿನವರು ಮದುವೆ ಫೋಟೋಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಿದರು. ನೆರಳನ್ನು ಎತ್ತಿ, ಮೈಯನ್ನು ನುಣುಪು ಮಾಡಿ, ಬಣ್ಣ ಏರಿಸಿದರು. ಚೌಕದ ಅಂಚು ಕಂದಿನಲ್ಲಿ ಕಲಸಿಹೋಯಿತು. ಚೀಟಿಯಲ್ಲಿ ‘ತಿದ್ದುಪಡಿ ಬೇಡ’ ಎಂದು ಬರೆದು ಕೊಟ್ಟರೂ ಅದೇ ಹಾಡು. “ಚೆನ್ನಾಗಿ ಕಾಣಲಿ ಎಂದು ಬೆಳಕು ಹೆಚ್ಚಿಸಿದ್ದೇವೆ ಸರ್” ಎಂದು ಕೌಂಟರಿನಲ್ಲಿ ಸಮಾಧಾನ ಹೇಳಿದರು. ಹಣ ಕೊಟ್ಟು ಬ್ಲೈತ್ಸ್ ಅನ್ನು ರಿಚರ್ಡ್ಸ್ ಮಾಡಿಸಿಕೊಂಡು ಬಂದಂತಾಯಿತು. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಆ ಲ್ಯಾಬಿನ ಮುಂದೆ ಕಾಯುತ್ತಿದ್ದಾಗಲೇ ಮುಂದಿನ ಕಟ್ಟು ಹೊಳೆದದ್ದು. ಪೇಟೆಯ ಮೇಲೆ ಹದ್ದುಗಳು ಸುತ್ತುತ್ತಿದ್ದವು, ಕೆಳಗಿನಿಂದ ಕಾಣುವುದು ಬರೀ ಆಕಾರ. ಹದ್ದಿನ ಬಾಲ ಕವಲು, ಗರುಡನದು ದುಂಡು, ಬೂಟೆಡ್ ಈಗಲ್‌ನದು ನೇರವಾಗಿ ಕತ್ತರಿಸಿದಂತೆ. ಜೊತೆಗೆ ಎದುರಿನಿಂದ ಬರುವಾಗ ಅದರ ಕುತ್ತಿಗೆಯ ಎರಡೂ ಬದಿ, ರೆಕ್ಕೆಯ ಬುಡದಲ್ಲಿ, ಒಂದೊಂದು ಬಿಳಿ ಚುಕ್ಕೆ. ನೆರಳುಚಿತ್ರಗಳದ್ದೇ ಒಂದು ಕಟ್ಟು ಮಾಡಿದರೆ ಬಣ್ಣದ ರಗಳೆಯೇ ಇರುವುದಿಲ್ಲ. ಅದಕ್ಕೆ ಚಿತ್ರ ಕೂಡಿಸಲು ಆಗಲೇ ಆರಂಭಿಸಿದ್ದೇನೆ.

ಪಿಪಿಟ್‌ಗೆ ದಾರಿ ತೋರಿಸಿದವನು ಲ್ಯಾಬಿನ ಒಳಗೆ ಯಂತ್ರ ನಡೆಸುವ ಹುಡುಗ. ಭೂತಗನ್ನಡಿ ಕೊಟ್ಟು, ಮೊಬೈಲಿನಲ್ಲಿದ್ದ ಮೂಲಚಿತ್ರದ ಆ ಎರಡು ಗರಿಗಳನ್ನೂ ಪ್ರಿಂಟಿನಲ್ಲಿ ಅವುಗಳಿಗೆ ಆಗಿರುವ ಗತಿಯನ್ನೂ ತೋರಿಸಿದೆ. ಅವನು ಎರಡನ್ನೂ ಹಿಂದೆಮುಂದೆ ನೋಡಿ, “ಇಷ್ಟಕ್ಕೇ ಹಕ್ಕಿಯ ಹೆಸರು ಬದಲಾಗುತ್ತದೆಯೇ ಸರ್?” ಎಂದು ಕೇಳಿದ. ಹೌದೆಂದೆ. ಯಂತ್ರ ತಾನಾಗಿಯೇ ಮಾಡುವ ತಿದ್ದುಪಡಿಯನ್ನು (ಆಟೋ ಕರೆಕ್ಷನ್) ಆಫ್ ಮಾಡಿ, ಮೊದಲು ಒಂದು ತುಂಡು ಕಾಗದದಲ್ಲಿ ಗರಿಯ ಭಾಗವನ್ನಷ್ಟೇ ಅಚ್ಚು ಹಾಕಿ ತೋರಿಸಿದ. ಹೊಳಪಿನ ಕಾಗದದ ಬದಲು ಮ್ಯಾಟ್ ಹಾಕೋಣ, ಬೆಳಕು ಬಿದ್ದರೂ ಕಪ್ಪು ಮಾಸುವುದಿಲ್ಲ ಎಂದು ಸೂಚಿಸಿದವನೂ ಅವನೇ. ಚೌಕ ಚೌಕವಾಗಿಯೇ ಬಂತು.

ಭಾನುವಾರ ಕೃಷ್ಣರಾವ್ ಪಾರ್ಕಿನಲ್ಲಿ ಕಾರ್ಡ್ ಇಳಿಸಿದೆ. ಮೊದಲ ಊಹೆ ಪ್ಯಾಡಿಫೀಲ್ಡ್, ಎರಡನೆಯದು ರಿಚರ್ಡ್ಸ್. ಅಕ್ಕನ ಮಗಳು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಮಾಮ, ಈ ಎರಡು ಗರಿ ಮಾತ್ರ ಬೇರೆ ಥರ ಇವೆ. ಇವು ಹೊಸವು” ಎಂದು ಬೆರಳಿಟ್ಟಳು. ಹೆಸರು ಅವಳಿಗೆ ಗೊತ್ತಿರಲಿಲ್ಲ. ಅವಳು ತೋರಿಸಿದ ಗರಿಯನ್ನು ನೋಡಿ ಮೇಷ್ಟ್ರು ಹೆಸರು ಹೇಳಿದರು. ಅಂಕ ಯಾರಿಗೆ ಎಂಬ ಚರ್ಚೆ ಕತ್ತಲಾಗುವವರೆಗೆ ನಡೆದು ಇಬ್ಬರಿಗೂ ಅರ್ಧರ್ಧ ಎಂದಾಯಿತು. ನನ್ನನ್ನು ಕೇಳಿದ್ದರೆ ಮುಕ್ಕಾಲು ಪಾಲು ಹುಡುಗಿಗೇ ಕೊಡುತ್ತಿದ್ದೆ.

ಇನ್ನು ಬಾಕಿ ಇರುವುದು ಟಾನಿ ಪಿಪಿಟ್. ಅದರಲ್ಲಿ ಕೊಕ್ಕಿನಿಂದ ಕಣ್ಣಿಗೆ ಎಳೆದ ಕಪ್ಪು ಗೆರೆ ಮತ್ತು ಗೀರಿಲ್ಲದ ಎದೆ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಬರಬೇಕು. ವಲಸೆ ಬಂದ ಹಕ್ಕಿಗಳು ವಾಪಸು ಹೊರಡುವ ಮೊದಲು, ಹುಲ್ಲು ಒಣಗಿ ನೆಲಕ್ಕೆ ಮಲಗಿರುವಾಗಲೇ ಹೆಸರಘಟ್ಟಕ್ಕೆ ಹೋಗಬೇಕು. ಕಾಲೂ ಕಂಡರೆ ಲಾಭ.