ಇಟ್ಟಿಗೆ ಗೂಡುಗಳ ನಡುವೆ ಒಂದು ಪೋಲಿಯೊ ಭಾನುವಾರ

ಮಾಲೂರಿನ ಸುತ್ತಮುತ್ತಲ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುಟುಂಬಗಳಲ್ಲಿ ಅನೇಕರು ಈ ಸೀಮೆಯವರಲ್ಲ. ಮಳೆಗಾಲ ಮುಗಿದ ಮೇಲೆ ಯಾದಗಿರಿ, ರಾಯಚೂರು ಕಡೆಯಿಂದಲೂ ದೂರದ ಒಡಿಶಾದಿಂದಲೂ ಬಂದು, ಗೂಡಿನ ಮಗ್ಗುಲಲ್ಲೇ ಇಟ್ಟಿಗೆ ಪೇರಿಸಿ ತಗಡು ಹೊದಿಸಿದ ಜೋಪಡಿಗಳಲ್ಲಿ ಇದ್ದು, ಮುಂಗಾರು ಹತ್ತಿರವಾದಾಗ ಊರಿಗೆ ಮರಳುತ್ತಾರೆ. ಅವರ ಮಕ್ಕಳ ಹೆಸರು ಹುಟ್ಟಿದೂರಿನ ಅಂಗನವಾಡಿಯ ಪುಸ್ತಕದಲ್ಲಿರುತ್ತದೆ. ಮಕ್ಕಳು ಮಾತ್ರ ಇಲ್ಲಿರುತ್ತಾರೆ. ಲಸಿಕೆ ತಪ್ಪಿಹೋಗುವುದಕ್ಕೆ ಇಷ್ಟು ಸಾಕು. 2024ರ ಮಾರ್ಚ್ 3ರಂದು ದೇಶದಾದ್ಯಂತ ಪಲ್ಸ್ ಪೋಲಿಯೊ ನಡೆದಾಗ, ನಾನು ಸದಸ್ಯನಾಗಿರುವ ರೋಟರಿ ಕ್ಲಬ್ಬಿಗೆ ಆರೋಗ್ಯ ಇಲಾಖೆಯವರು ವಹಿಸಿದ್ದು ಈ ಗೂಡುಗಳನ್ನು ಸುತ್ತುವ ಸಂಚಾರಿ ತಂಡವೊಂದಕ್ಕೆ ವಾಹನವನ್ನೂ ಜೊತೆಗೊಬ್ಬ ಆಳನ್ನೂ ಒದಗಿಸುವ ಕೆಲಸವನ್ನು. ಆ ಆಳಾಗಿ ನಾನು ಹೋದೆ.

ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಗಳದಲ್ಲಿ ಲಸಿಕೆಯ ಡಬ್ಬಿಗಳನ್ನು ಹಂಚುತ್ತಿದ್ದರು. ನಮ್ಮ ತಂಡದಲ್ಲಿದ್ದ ಆಶಾ ಕಾರ್ಯಕರ್ತೆ ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ನಾಲ್ಕು ಐಸ್ ಪ್ಯಾಕುಗಳ ನಡುವಿನಿಂದ ಒಂದು ಸೀಸೆಯನ್ನು ಎತ್ತಿ ನನಗೆ ತೋರಿಸಿದರು. ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಆ ಸೀಸೆಯ ಮೇಲೆ ನೇರಳೆ ಬಣ್ಣದ ಒಂದು ವೃತ್ತ, ವೃತ್ತದೊಳಗೆ ಬಿಳುಪಾದ ಒಂದು ಚೌಕ. ಬಿಸಿ ತಾಗುತ್ತಾ ಹೋದಂತೆ ಆ ಚೌಕ ಕಪ್ಪಾಗುತ್ತದೆ. ಅದು ಸುತ್ತಲಿನ ವೃತ್ತದ ಬಣ್ಣಕ್ಕೇ ಬಂದರೆ ಆ ಸೀಸೆಯನ್ನು ಬಳಸುವಂತಿಲ್ಲ. "ಗೂಡಿನ ಹತ್ರ ನಾವು ನಿಂತ್ಕೊಳ್ಳೋದೇ ಕಷ್ಟ ಸಾರ್, ಅಷ್ಟು ಕಾವಿರುತ್ತೆ. ಡಬ್ಬಿ ನೆರಳಲ್ಲೇ ಇರ್ಬೇಕು, ಸುಮ್ಸುಮ್ನೆ ಮುಚ್ಚಳ ತೆಗೀಬಾರ್ದು" ಎಂದು ಹೇಳಿ ಅದನ್ನು ನನ್ನ ಕೈಗೆ ಕೊಟ್ಟರು. ಆ ದಿನ ಪೂರ್ತಿ ನನ್ನ ಮುಖ್ಯ ಜವಾಬ್ದಾರಿ ಆ ಡಬ್ಬಿಯನ್ನು ನೆರಳಿನಲ್ಲಿ ಇಟ್ಟುಕೊಳ್ಳುವುದೇ ಆಗಿತ್ತು, ಮತ್ತು ಅದನ್ನು ನಾನು ಸಣ್ಣ ಕೆಲಸವೆಂದು ಭಾವಿಸಲಿಲ್ಲ.

ರೋಟರಿ ಎಂದರೆ ಕೋಟು ತೊಟ್ಟವರ ಊಟದ ಕೂಟ ಎಂಬ ಅಭಿಪ್ರಾಯ ನಮ್ಮಲ್ಲಿ ಬಹಳ ಜನರಿಗಿದೆ. ಅದು ಹುಟ್ಟಿದ್ದೂ ಸ್ನೇಹಕೂಟವಾಗಿಯೇ. 1905ರ ಫೆಬ್ರವರಿ 23ರ ಸಂಜೆ ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು, ಬೇರೆ ಬೇರೆ ವೃತ್ತಿಯ ಮೂವರೊಂದಿಗೆ ಕಲೆತು ಅದನ್ನು ಆರಂಭಿಸಿದರು. ದೊಡ್ಡ ಊರಿಗೆ ಬಂದ ಹೊಸಬರಿಗೆ ನಾಲ್ಕು ಜನ ನಂಬಿಕಸ್ಥರ ಒಡನಾಟ ಬೇಕಿತ್ತು. ಮಕ್ಕಳ ಸೇವೆಯ ಕಡೆಗೆ ಅದನ್ನು ಬಲವಾಗಿ ಎಳೆದವರು ಓಹಾಯೊ ರಾಜ್ಯದ ಎಲಿರಿಯಾ ಎಂಬ ಸಣ್ಣ ಊರಿನ ಎಡ್ಗರ್ ಅಲೆನ್ ಎಂಬ ವ್ಯಾಪಾರಿ. 1907ರಲ್ಲಿ ಅವರ ಮಗ ಟ್ರಾಮ್ ಅಪಘಾತದಲ್ಲಿ ತೀರಿಕೊಂಡ. ಊರಿನಲ್ಲಿ ಸರಿಯಾದ ಆಸ್ಪತ್ರೆಯಿದ್ದಿದ್ದರೆ ಮಗ ಉಳಿಯುತ್ತಿದ್ದನೇನೋ ಎಂಬ ಕೊರಗಿನಲ್ಲಿ ಅವರು ವ್ಯಾಪಾರವನ್ನು ಬಿಟ್ಟು, ಹಣ ಕೂಡಿಸಿ ಊರಿಗೆ ಆಸ್ಪತ್ರೆ ಕಟ್ಟಿಸಿದರು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಜನ ಮನೆಯೊಳಗೆ ಬಚ್ಚಿಟ್ಟುಕೊಂಡಿರುವುದನ್ನು ಕಂಡ ಮೇಲೆ, ಅಂಥ ಮಕ್ಕಳಿಗಾಗಿಯೇ ಇನ್ನೊಂದು ಆಸ್ಪತ್ರೆಗೆ ಕೈಹಾಕಿದರು. ಅಲ್ಲಿನ ರೋಟರಿ ಸದಸ್ಯರು ಅವರ ಬೆನ್ನಿಗೆ ನಿಂತರು; 1919ರಲ್ಲಿ ಅಂಗವಿಕಲ ಮಕ್ಕಳಿಗಾಗಿ ಇಡೀ ಓಹಾಯೊ ರಾಜ್ಯಕ್ಕೊಂದು ಸಂಘ ಹುಟ್ಟಿತು. ಕಲ್ಕತ್ತೆಯಲ್ಲಿ ಭಾರತದ ಮೊದಲ ರೋಟರಿ ಕ್ಲಬ್ ಮೊಳೆತದ್ದೂ ಅದೇ ಹೊತ್ತಿನಲ್ಲಿ.

ಆಗ ನಡೆದದ್ದು ಬಿದ್ದ ಮಗುವನ್ನು ಎತ್ತುವ ಕೆಲಸ. ಅದರ ಬೆಲೆ ನನಗೆ ಚೆನ್ನಾಗಿ ಗೊತ್ತು. ನನ್ನ ಚಿಕ್ಕಪ್ಪನ ಮಗನಿಗೆ ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ಬಲಗಾಲು ಸೋತುಹೋಯಿತು. ಕಬ್ಬಿಣದ ಸರಳು, ಚರ್ಮದ ಪಟ್ಟಿಗಳ ಕ್ಯಾಲಿಪರ್ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಇಂಥದೇ ಒಂದು ಸೇವಾ ಕ್ಲಬ್ಬಿನವರು ನಡೆಸಿದ ಶಿಬಿರದಲ್ಲಿ. ಅಲ್ಲಿಯ ತನಕ ಅವನು ಬಲ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದೇ ಹೆಜ್ಜೆ ಇಡುತ್ತಿದ್ದ. ಕ್ಯಾಲಿಪರ್ ಕಟ್ಟಿಕೊಂಡು ಎರಡೂ ಕೈಗಳನ್ನು ಬೀಸಿಕೊಂಡು ಅವನು ನಡೆದುಬಂದ ದಿನ ನಮ್ಮ ಚಿಕ್ಕಮ್ಮ ಆ ಕ್ಲಬ್ಬಿನವರ ಕೈ ಹಿಡಿದುಕೊಂಡು ಅತ್ತರು. ಹೀಗೆ ನೆರವಾದವರಿಗೆ ಮಗುವಿನ ಮುಖ ಗೊತ್ತಿರುತ್ತದೆ, ತಾಯಿಯ ಕಣ್ಣೀರು ಗೊತ್ತಿರುತ್ತದೆ. ಲಸಿಕೆಯ ಕೆಲಸದಲ್ಲಿ ಇವೆರಡೂ ಇಲ್ಲ. ಎರಡು ಹನಿ ಕುಡಿದ ಮಗು ಮುಖ ಹಿಂಡಿ ಅತ್ತು ಆಟಕ್ಕೆ ಓಡುತ್ತದೆ; ಆ ಹನಿಯಿಂದ ಅದರ ಕಾಲು ಉಳಿಯಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಏನೂ ಆಗದಿರಲಿ ಎಂದು ದುಡಿಯುವವರಿಗೆ ಕೃತಜ್ಞತೆ ಸಿಗುವುದು ಅಪರೂಪ. ಮೊದಲನೆಯ ಬಗೆಯ ಸೇವೆಯಲ್ಲಿ ಹೆಸರು ಮಾಡಿದ ಒಂದು ಸಂಸ್ಥೆ ಎರಡನೆಯ ಬಗೆಯದಕ್ಕೆ ತನ್ನನ್ನು ದಶಕಗಟ್ಟಲೆ ಕಟ್ಟಿಹಾಕಿಕೊಂಡಿತೆಂಬುದೇ ರೋಟರಿಯ ಚರಿತ್ರೆಯಲ್ಲಿ ನಾನು ಅತ್ಯಂತ ಗೌರವಿಸುವ ಸಂಗತಿ.

ಆ ತಿರುವು ಬಂದದ್ದು 1979ರಲ್ಲಿ. ಸಿಡುಬು ಜಗತ್ತಿನಿಂದಲೇ ತೊಲಗಿದ ಸುದ್ದಿಯಿಂದ ಧೈರ್ಯ ತಂದುಕೊಂಡ ರೋಟರಿಯವರು ಫಿಲಿಪ್ಪೀನ್ಸ್ ಸರ್ಕಾರದೊಂದಿಗೆ ಸೇರಿ, ಅಲ್ಲಿನ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಐದು ವರ್ಷದ ಯೋಜನೆಗೆ ಇಳಿದರು. ಅದು ಕೈಗೂಡಿತು. 1985ರಲ್ಲಿ ಪೋಲಿಯೊ ಪ್ಲಸ್ ಎಂಬ ಹೆಸರಿನಲ್ಲಿ ಇಡೀ ಜಗತ್ತಿನ ಮಕ್ಕಳಿಗೆ ಅದೇ ಮಾತು ಕೊಟ್ಟರು. 12 ಕೋಟಿ ಡಾಲರ್ ಕೂಡಿಸಬೇಕೆಂದು ಹೊರಟವರಿಗೆ 1988ರ ಹೊತ್ತಿಗೆ ಬಂದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಪೋಲಿಯೊ ನಿರ್ಮೂಲನೆಯ ಸಂಕಲ್ಪ ಮಾಡಿದಾಗ, ಯುನಿಸೆಫ್ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜೊತೆಗೆ ರೋಟರಿಯೂ ಪಾಲುದಾರನಾಗಿ ನಿಂತಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಈ ರೋಗದಿಂದ ಕೈಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಿದ್ದರು.

ನಾವು ಹೋದ ಮೊದಲ ಗೂಡಿನಲ್ಲಿ ಗಂಡಸರು ಹಸಿ ಇಟ್ಟಿಗೆಯ ಸಾಲುಗಳನ್ನು ಒಣಗಲು ತಿರುವಿ ಹಾಕುತ್ತಿದ್ದರು, ಹೆಂಗಸರು ಕಲಸಿದ ಮಣ್ಣನ್ನು ಅಚ್ಚಿಗೆ ತುಂಬುತ್ತಿದ್ದರು. ಕೆಲಸ ನಿಂತರೆ ಕೂಲಿಗೆ ಹೊಡೆತ, ಏಕೆಂದರೆ ಅಲ್ಲಿನ ಲೆಕ್ಕವೆಲ್ಲ ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಆದ್ದರಿಂದ ತಾಯಂದಿರನ್ನು ಕರೆಯದೆ ಅವರಿದ್ದಲ್ಲಿಗೇ ಹೋದೆವು. ಅಂಗನವಾಡಿ ಕಾರ್ಯಕರ್ತೆ ಮಗುವಿನ ಎರಡೂ ಕೆನ್ನೆಗಳನ್ನು ಮೆಲ್ಲಗೆ ಒತ್ತಿ ಬಾಯಿ ತೆರೆಸುವರು, ಆಶಾ ಸೀಸೆಯನ್ನು ಓರೆಯಾಗಿ ಹಿಡಿದು ಎಣಿಸಿ ಎರಡು ಹನಿ ಬಿಡುವರು, ಮಗು ನುಂಗಿತೆಂದು ಖಾತ್ರಿಯಾದ ಮೇಲೆ ಎಡಗೈಯ ಕಿರುಬೆರಳಿಗೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕುವರು. ಆ ಬೆರಳುಗಳಿಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡಿದ್ದರಿಂದ ಶಾಯಿ ಹಿಡಿಯುತ್ತಿರಲಿಲ್ಲ. ನಾನು ಬಾಟಲಿಯ ನೀರಿನಲ್ಲಿ ಕರವಸ್ತ್ರ ಒದ್ದೆ ಮಾಡಿ, ಒಂದೊಂದೇ ಕಿರುಬೆರಳನ್ನು ಒರೆಸಿ ಮುಂದೆ ಮಾಡುತ್ತಿದ್ದೆ.

ಯಾದಗಿರಿ ಕಡೆಯ ತಾಯಿಯೊಬ್ಬರು ಕೇಳಿದರು: "ಊರಾಗ ಇದ್ದಾಗ ಹಾಕ್ಸೀನ್ರೀ ಅಕ್ಕಾರ, ಮತ್ತ ಯಾಕ?" ಕೇಳಬೇಕಾದ ಪ್ರಶ್ನೆಯೇ. "ಹಾಕ್ಸಿದ್ದು ಒಳ್ಳೇದೇ ಆಯ್ತಮ್ಮ. ಎಷ್ಟು ಸಲ ಹಾಕಿದ್ರೂ ತೊಂದ್ರೆ ಇಲ್ಲ. ಎಲ್ಲ ಮಕ್ಕಳಿಗೂ ಒಟ್ಟಿಗೆ ಹಾಕಿದ್ರೆ ಆ ಕಾಯಿಲೆಗೆ ಉಳ್ಕೊಳ್ಳೋಕೆ ಜಾಗ ಇರಲ್ಲ" ಎಂದು ಆಶಾ ಉತ್ತರಿಸಿದರು. ಪಲ್ಸ್ ಪೋಲಿಯೊದ ತತ್ತ್ವವನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಈ ವೈರಾಣು ಮಗುವಿನ ಕರುಳಿನಲ್ಲಿ ಬೆಳೆದು, ಮಲದ ಮೂಲಕ ನೀರಿಗೂ ಕೈಗೂ ಸೇರಿ ಇನ್ನೊಂದು ಮಗುವನ್ನು ಹುಡುಕುತ್ತದೆ. ಸೋಂಕು ತಗುಲಿದ ಬಹುಪಾಲು ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣದಿರುವುದರಿಂದ ಅದು ಎಲ್ಲಿದೆಯೆಂದು ಕಣ್ಣಿಗೆ ಬೀಳುವುದಿಲ್ಲ. ಶೌಚಾಲಯವಿಲ್ಲದ, ಒಂದೇ ತೊಟ್ಟಿಯ ನೀರಿಗೆ ಹತ್ತಾರು ಮನೆಗಳು ಕಾಯುವ ಇಂಥ ಜೋಪಡಿ ಸಾಲುಗಳು ಅದಕ್ಕೆ ಹೇಳಿಮಾಡಿಸಿದ ಜಾಗ.

ಭಾರತದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ದೇಶವ್ಯಾಪಿಯಾಯಿತು. ಉತ್ತರ ಪ್ರದೇಶ, ಬಿಹಾರಗಳಲ್ಲಿ ರೋಗ ಪಟ್ಟುಹಿಡಿದು ಕೂತಿದ್ದಾಗ ದಕ್ಷಿಣದ ನಾವು ಗೆದ್ದೆವೆಂದು ತಿಳಿದಿದ್ದೆವು. 2003ರಲ್ಲಿ ಅದು ಕರ್ನಾಟಕಕ್ಕೆ ಮತ್ತೆ ಬಂತು. 2009ರಲ್ಲಿ ದೇಶದಲ್ಲಿ 741 ಪ್ರಕರಣ, 2010ರಲ್ಲಿ 42, 2011ರಲ್ಲಿ ಒಂದೇ ಒಂದು. ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿಗೆ ಆ ವರ್ಷದ ಜನವರಿಯಲ್ಲಿ ಬಂದ ಆ ಪೋಲಿಯೊ ನಮ್ಮ ದೇಶದಲ್ಲಿ ಕಾಡು ವೈರಾಣುವಿನ, ಅಂದರೆ ನಿಸರ್ಗದಲ್ಲಿ ತಾನಾಗಿ ಹರಡುವ ಮೂಲ ವೈರಾಣುವಿನ, ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಅದು ಇನ್ನೂ ಇದೆ. ಒಮ್ಮೆ ಹೋಗಿ ಮರಳಿ ಬಂದದ್ದನ್ನು ಕಂಡ ರಾಜ್ಯದವರಿಗೆ ಈ ಎಚ್ಚರ ಅತಿಯೆನಿಸಬಾರದು.

ಮಧ್ಯಾಹ್ನದ ಹೊತ್ತಿಗೆ ಹೋದ ಗೂಡೊಂದರಲ್ಲಿ ಜೋಪಡಿಯ ಬಾಗಿಲಿಗೆ ಸೀರೆ ಕಟ್ಟಿತ್ತು. ಒಳಗೆ ಬಾಣಂತಿ ಇದ್ದಾಳೆ, ಕೂಸನ್ನು ಹೊರಗಿನವರಿಗೆ ತೋರಿಸುವುದಿಲ್ಲ ಎಂದು ಅಜ್ಜಿ ಅಡ್ಡ ನಿಂತರು. ನಾನೂ ಚಾಲಕರೂ ಹಿಂದೆ ಸರಿದೆವು. ಆಶಾ ಚಪ್ಪಲಿ ಬಿಟ್ಟು, ಹೊರಗಿದ್ದ ಬಿಂದಿಗೆಯ ನೀರಿನಲ್ಲಿ ಕೈಕಾಲು ತೊಳೆದುಕೊಂಡು, ಅಜ್ಜಿಯ ಪಕ್ಕ ನೆಲದ ಮೇಲೆ ಕುಳಿತರು. ಹೆರಿಗೆ ಎಲ್ಲಾಯಿತು, ಬಾಣಂತಿಗೆ ಊಟಕ್ಕೆ ಏನು ಕೊಡುತ್ತಿದ್ದೀರಿ, ಹಾಲು ಸಾಕಾಗುತ್ತಿದೆಯೇ ಎಂದು ಮಾತನಾಡುತ್ತಾ ಹೋದರು. ಲಸಿಕೆಯ ಮಾತು ಎತ್ತಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯೇ ಸೀರೆಯನ್ನು ಸರಿಸಿದರು. ಒಳಗೆ ಹೋದ ಆಶಾ ಕೂಸಿನ ಬಾಯಿಗೆ ಹನಿ ಹಾಕಿದ್ದಲ್ಲದೆ, ಅದಕ್ಕೆ ಹುಟ್ಟಿದಾಗ ಕೊಡಬೇಕಿದ್ದ, ಕ್ಷಯರೋಗ ತಡೆಯುವ ಬಿಸಿಜಿ ಚುಚ್ಚುಮದ್ದು ಆಗಿಲ್ಲವೆಂಬುದನ್ನೂ ಪತ್ತೆಹಚ್ಚಿ ಬರೆದುಕೊಂಡು ಬಂದರು.

ರೋಟರಿ ಈ ರೋಗಕ್ಕಾಗಿ ಇದುವರೆಗೆ ಕೊಟ್ಟ ಹಣ 200 ಕೋಟಿ ಡಾಲರನ್ನು ದಾಟಿದೆ. ಆ ಮೊತ್ತದ ಬಗ್ಗೆ ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಆ ಹಣ ಕೊನೆಗೆ ಮಗುವಿನ ಬಾಯಿಗೆ ತಲುಪುವುದು ನೆಲದ ಮೇಲೆ ಕುಳಿತು ಮಾತನಾಡಬಲ್ಲ ಇಂಥ ಹೆಣ್ಣುಮಕ್ಕಳ ಕೈಯಿಂದ. ರೋಟರಿಯೇ ಮಹಿಳೆಯರಿಗೆ ಎಲ್ಲೆಡೆ ಸದಸ್ಯತ್ವದ ಬಾಗಿಲು ತೆರೆದದ್ದು 1989ರಲ್ಲಿ, ಅಂದರೆ ಪೋಲಿಯೊ ಪ್ಲಸ್ ಶುರುವಾಗಿ ನಾಲ್ಕು ವರ್ಷಗಳ ನಂತರ. ಕ್ಲಬ್ಬಿನವರು ಮುಂದೆ ನಿಂತು ಹನಿ ಹಾಕುವ ಫೋಟೊ ತೆಗೆಸಿಕೊಳ್ಳುವುದಕ್ಕಿಂತ, ಆಶಾ ಕಾರ್ಯಕರ್ತೆಗೆ ವಾಹನ, ಹೊತ್ತಿಗೆ ಸರಿಯಾಗಿ ಊಟ, ಕುಡಿಯಲು ನೀರು, ಡಬ್ಬಿ ಹಿಡಿಯಲು ಒಂದು ಕೈ ಇವುಗಳನ್ನು ಒದಗಿಸುವುದೇ ನಮ್ಮ ಪಾಲಿನ ಸೇವೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸಂಜೆ ಲೆಕ್ಕದ ಹಾಳೆಯನ್ನು ಆರೋಗ್ಯ ಕೇಂದ್ರಕ್ಕೆ ಒಪ್ಪಿಸುವಾಗ, ಪೇಟೆಗೋ ಸಂತೆಗೋ ಹೋಗಿ ಸಿಕ್ಕದಿದ್ದ ಮಕ್ಕಳ ಹೆಸರುಗಳನ್ನು ಬೇರೆ ಪಟ್ಟಿ ಮಾಡಿಕೊಂಡೆವು. ಮರುದಿನದಿಂದ ನಡೆಯುವ ಮನೆಮನೆ ಭೇಟಿಗೂ ವಾಹನ ಕೊಡಲು ಕ್ಲಬ್ ಒಪ್ಪಿತು. ಮುಂದಿನ ಸಭೆಯಲ್ಲಿ ನಾನು ಬಿಸಿಜಿ ತಪ್ಪಿದ ಆ ಕೂಸಿನ ವಿಷಯ ಎತ್ತಿದೆ. ಪೋಲಿಯೊ ಭಾನುವಾರ ಬರುವ ತನಕ ಕಾಯದೆ, ಕುಟುಂಬಗಳು ಬಂದಿಳಿಯುವ ಹಂಗಾಮಿನ ಆರಂಭದಲ್ಲೇ ಗೂಡುಗಳ ಮಾಲೀಕರಿಂದ ಪಟ್ಟಿ ಪಡೆದು ಆಶಾ ಕಾರ್ಯಕರ್ತೆಯರಿಗೆ ತಲುಪಿಸುವುದು, ಮತ್ತು ಪ್ರತಿ ತಿಂಗಳ ಲಸಿಕೆಯ ದಿನ ಆ ಮಕ್ಕಳನ್ನೂ ಗರ್ಭಿಣಿಯರನ್ನೂ ಆರೋಗ್ಯ ಕೇಂದ್ರಕ್ಕೆ ಕರೆತಂದು ಬಿಡುವುದು ಎಂದು ತೀರ್ಮಾನವಾಯಿತು. ಮಾಲೀಕರನ್ನು ಕಂಡು ಮಾತನಾಡುವ ಹೊಣೆಯನ್ನು ಈಗ ನಾನೂ ಕ್ಲಬ್ಬಿನ ಇನ್ನಿಬ್ಬರು ಸದಸ್ಯೆಯರೂ ಹಂಚಿಕೊಂಡಿದ್ದೇವೆ.